ವಿಶಾಲಕ್ಕ ಸಾಕಿದ ಕೋಶಗಳು

ಬೆಳಿಗ್ಗೆ ಲ್ಯಾಬಿಗೆ ಬಂದವರೇ ವಿಶಾಲಕ್ಕ ಕೈ ತೊಳೆದು, ಬಿಳಿ ಕೋಟು ಹಾಕಿಕೊಳ್ಳುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಕವರ್‌ಸ್ಲಿಪ್ ಅಂತ ಇರುತ್ತದಲ್ಲ, ಮೈಕ್ರೋಸ್ಕೋಪಿನ ಕೆಳಗೆ ಇಡುವ, ಉಗುರಿಗಿಂತ ತೆಳ್ಳಗಿನ ಗಾಜಿನ ಚೂರು. ಅದನ್ನು ಎಡಗೈಯ ನಡುಬೆರಳ ತುದಿಯ ಮೇಲೆ ಇಟ್ಟುಕೊಂಡು, ಕೈಯನ್ನು ಮುಂದಕ್ಕೆ ಚಾಚಿ, ನೂರರವರೆಗೆ ಎಣಿಸುವುದು. ಆಮೇಲೆ ಬಲಗೈ. ಗಾಜು ಅಲುಗುತ್ತಿರಲಿಲ್ಲ. ಎಣಿಸಿ ಮುಗಿದ ಮೇಲೆ "ಸರಿ, ಇವತ್ತಿಗೆ ಆಯ್ತು" ಅನ್ನುವರು. ಟೆಕ್ನಿಷಿಯನ್ನರು ಕೈ ಪಳಗಿಸಿಕೊಳ್ಳುವ ಕಸರತ್ತು ಇರಬೇಕು ಅಂದುಕೊಂಡು ನಾನೂ ಒಂದು ದಿನ ಮಾಡಿ ನೋಡಿದೆ. ಹದಿನೇಳಕ್ಕೇ ಗಾಜು ಬಿದ್ದು ಚೂರಾಯಿತು. "ಇದು ನಿಂಗೆ ಬೇಡ ಮಾರಾಯ್ತಿ," ಅಂದರು. ನಗಲಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು.

ಆಗ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಹೊಸಮನೆಯಲ್ಲಿ ಮನೆ, ಶಿವಮೊಗ್ಗದ ಹೊರಗೆ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಕೇಂದ್ರದ ಹೆಸರು ಬೇಡ. ಬಾಯಿ ಜೋರು, ತಾಳ್ಮೆ ಕಮ್ಮಿ ಅಂತ ನಮ್ಮಮ್ಮ ನನಗೆ ಕೊಟ್ಟ ಸರ್ಟಿಫಿಕೇಟು ಇವತ್ತಿಗೂ ಊರ್ಜಿತದಲ್ಲಿದೆ. ವಿಶಾಲಕ್ಕ ಭದ್ರಾವತಿಯ ಕಾಗದನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಲವತ್ತು ದಾಟಿದ ಗಟ್ಟಿ ಹೆಂಗಸು, ಮದುವೆಯಾಗಿರಲಿಲ್ಲ. ಎಣ್ಣೆ ಹಚ್ಚಿ ಬಿಗಿದ ತುರುಬು, ಕೊರಳಿನ ಲಿಂಗದ ಕರಡಿಗೆಯನ್ನು ಕೋಟಿನೊಳಕ್ಕೆ ಸೇರಿಸಿ ಗುಂಡಿ ಹಾಕಿಕೊಂಡರೆಂದರೆ ಮಧ್ಯಾಹ್ನದವರೆಗೆ ಅಲ್ಲಾಡುವ ಪೈಕಿಯಲ್ಲ.

ಲ್ಯಾಬಿನ ಜೀವಕೋಶಗಳನ್ನು ಸಾಕುವುದು ಅವರ ಕೆಲಸ. ನಾನು ಸುಮ್ಮನೆ ಸಾಕುವುದು ಅನ್ನುತ್ತಿಲ್ಲ, ಅದೇ ಮಾತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಮೈಬಿಸಿಯಷ್ಟೇ ಬಿಸಿ ಇರುವ ಇನ್‌ಕ್ಯುಬೇಟರಿನೊಳಗೆ ಕೋಶಗಳು ಬದುಕಿರುತ್ತವೆ. ಎರಡು ದಿನಕ್ಕೊಮ್ಮೆ ಹಳೆಯ ನೀರು ತೆಗೆದು ಹೊಸ ಆಹಾರದ ನೀರು ಹಾಕಬೇಕು. ಭಾನುವಾರವಿಲ್ಲ, ಯುಗಾದಿಯಿಲ್ಲ. ನಾವೆಲ್ಲ ರಜೆ ಹಾಕಿ ಜಾರಿಕೊಂಡರೂ ವಿಶಾಲಕ್ಕ ಮಾತ್ರ ಒಬ್ಬಟ್ಟಿನ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು. "ಅವಕ್ಕೆ ಹಬ್ಬ ಏನ್ ಗೊತ್ತೇ, ಹಸಿವು ಗೊತ್ತು." ಮೈಕ್ರೋಸ್ಕೋಪಿಗೆ ಕಣ್ಣಿಟ್ಟು "ಇವತ್ತು ಮುನಿಸಿಕೊಂಡಿವೆ", "ಈ ಮೂಲೇಲಿರೋವು ನಾಳೆಗಿಲ್ಲ" ಅನ್ನುವರು. ಮೂಲೆಯವು ನಾಳೆಗೆ ಇರುತ್ತಿರಲಿಲ್ಲ. ಅವರ ಕಣ್ಣಿನ ಬಗ್ಗೆ ನಮಗೆಲ್ಲ ಒಂಥರಾ ಭಯವಿತ್ತು.

ನಾವು ಮಾಡುತ್ತಿದ್ದದ್ದು ಚರ್ಮವನ್ನು ನರ ಮಾಡುವ ಕೆಲಸ. ಮದುವೆಮನೆಗಳಲ್ಲಿ ಇದನ್ನು ಹೇಳಿದರೆ ಜನ ನನ್ನ ಮುಖ ನೋಡಿ ಎಲೆ ಬದಲಾಯಿಸಿ ಕೂರುತ್ತಿದ್ದರು. ಆದರೆ ವಿಷಯ ಅಷ್ಟು ಕಷ್ಟದ್ದಲ್ಲ. ಮೈಯ ಒಂದೊಂದು ಕೋಶದಲ್ಲೂ ಇಡೀ ಮೈ ಕಟ್ಟುವ ಬರಹ ಇರುತ್ತದೆ. ಚರ್ಮಕ್ಕೂ ಮೆದುಳಿಗೂ ಬರಹ ಒಂದೇ, ಯಾವ ಸಾಲನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವುದು ಬೇರೆ. ಆ ಬರಹದಿಂದ ಆರ್‌ಎನ್‌ಎ ಅನ್ನುವ ನಕಲು ಚೀಟಿಗಳು ಹೊರಡುತ್ತವೆ. ಚೀಟಿ ನೋಡಿಕೊಂಡು ಕೋಶ ಪ್ರೋಟೀನ್ ತಯಾರಿಸುತ್ತದೆ. ಕೆಲವು ಚೀಟಿಗಳಿಂದ ಮಾತ್ರ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಹಿಂದೆ ಅವನ್ನು ಕಸ ಅಂದುಕೊಂಡಿದ್ದರು. ಅವು ಕಸವಲ್ಲ. ಇಪ್ಪತ್ತು ಚಿಲ್ಲರೆ ಅಕ್ಷರದ ಚೋಟುದ್ದದ ತುಣುಕುಗಳು ಬೇರೆ ಚೀಟಿಗಳಿಗೆ ಹೋಗಿ ಅಂಟಿಕೊಂಡು ಅವುಗಳ ಬಾಯಿ ಮುಚ್ಚಿಸುತ್ತವೆ. ಚರ್ಮದ ಕೋಶದಲ್ಲಿ 'ನೀನು ನರ ಆಗಕೂಡದು' ಅಂತ ಕಾವಲು ಕೂತ ಪ್ರೋಟೀನುಗಳಿವೆ. ನರಕೋಶದಲ್ಲಿ ಇರುವಂಥ ಎರಡು ತುಣುಕುಗಳನ್ನು ಒಳಗೆ ಬಿಟ್ಟು, ಜೊತೆಗೆ ಒಂದೆರಡು ಪ್ರೋಟೀನಿನ ಒತ್ತಾಸೆ ಕೊಟ್ಟರೆ, ಆ ಕಾವಲು ಎದ್ದುಹೋಗುತ್ತದೆ. ಒಂದು ತಿಂಗಳಲ್ಲಿ ಚರ್ಮ ತಾನು ಚರ್ಮ ಅನ್ನುವುದನ್ನು ಬಿಟ್ಟುಬಿಡುತ್ತದೆ.

ಇದನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸಿದಾಗ ವಿಶಾಲಕ್ಕ, "ನಮ್ಮಜ್ಜಿ ಇದ್ದಂಗೆ ಕಣೇ," ಅಂದರು. "ಒಂದು ದಿನ ಒಲೆ ಹಚ್ಚಿದೋರಲ್ಲ. ಪಡಸಾಲೇಲಿ ಕೂತ್ಕೊಂಡು 'ಸಾಕು, ಬೇಡ, ನಿಲ್ಸು' ಅಂತಿದ್ರು. ಅಷ್ಟರಲ್ಲೇ ಮನೆ ನಡೀತಿತ್ತು."

ಎಲ್ಲರೂ ನಕ್ಕೆವು. ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. "ನಲವತ್ಮೂರು ವರ್ಷದೋರ ಚರ್ಮ ತಗೊಂಡ್ರೆ, ಆಗೋ ನರ ಹಸುಗೂಸಿಂದೋ, ನಲವತ್ಮೂರರದ್ದೋ?"

ಒಳ್ಳೆಯ ಪ್ರಶ್ನೆ ಅಂತ ನಾನು ಹಿಗ್ಗಿದೆ. ಚರ್ಮವನ್ನು ಮೊದಲು ಭ್ರೂಣದ ಕೋಶದಂತೆ ಮಾಡುವ ಸ್ಟೆಮ್ ಸೆಲ್ಲಿನ ದಾರಿಯಲ್ಲಿ ಹೋದರೆ ವಯಸ್ಸು ಅಳಿಸಿಹೋಗುತ್ತದೆ, ನಮ್ಮ ದಾರಿಯಲ್ಲಿ ಅಳಿಸುವುದಿಲ್ಲ, ನಲವತ್ಮೂರರ ಚರ್ಮ ನಲವತ್ಮೂರರ ನರವೇ ಆಗುತ್ತದೆ, ಅದೇ ನಮ್ಮ ವಿಧಾನದ ಹೆಚ್ಚುಗಾರಿಕೆ ಅಂತ ಭಾಷಣ ಬಿಗಿದೆ. ವಿಶಾಲಕ್ಕನಿಗೆ ಆ ವರ್ಷ ನಲವತ್ಮೂರು ಅನ್ನುವುದು ನನ್ನ ತಲೆಗೆ ಬರಲಿಲ್ಲ. ದಡ್ಡಿ ನಾನು.

ಅವರ ಮನೆಯ ಕತೆ ನನಗೆ ಗೊತ್ತಿಲ್ಲದೇ ಇರಲಿಲ್ಲ. ಅವರ ಅಪ್ಪ ಕಾಗದದ ಕಾರ್ಖಾನೆಯಲ್ಲಿ ಮಷಿನ್ ಮೇಲಿದ್ದವರು. ನಲವತ್ತೈದರ ಹತ್ತಿರ ಬೆರಳುಗಳು ತಾವಾಗಿ ಕುಣಿಯತೊಡಗಿದವು. ಆಮೇಲೆ ಭುಜ, ಆಮೇಲೆ ನಾಲಗೆ. ಒಂದು ದಿನವೂ ಕುಡಿಯದ ಮನುಷ್ಯನನ್ನು ಶಿಫ್ಟಿನವರು ಕುಡುಕ ಅಂದರು, ನೆಂಟರು ಮೈಮೇಲೆ ಬಂದಿದೆ ಅಂದರು. "ಮೈ ಕುಣಿದಿದ್ದು ದೊಡ್ಡದಲ್ಲ ಕಣೇ," ಅಂತ ವಿಶಾಲಕ್ಕ ಒಮ್ಮೆ ಹೇಳಿದ್ದರು. "ಅಪ್ಪ ಬೇರೆ ಆಗ್ಬಿಟ್ರು. ನಮಗೆ ಗದರಿಸಿ ಕೂಡ ಗೊತ್ತಿಲ್ದೋರು, ಅಮ್ಮನ ಮೇಲೆ ಬಿಸಿ ಸಾರು ಎಸೆದ್ರು. ಅಪ್ಪನ ಅಂಗಿ ಹಾಕ್ಕೊಂಡು ಮನೇಲಿ ಬೇರೆ ಯಾರೋ ಓಡಾಡ್ತಿದ್ರು." ಬೆಂಗಳೂರಿನ ಡಾಕ್ಟರು ಇದು ಹಂಟಿಂಗ್ಟನ್ ಕಾಯಿಲೆ, ಒಂದೇ ಒಂದು ಜೀನಿನ ದೋಷ, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಅಂದರಂತೆ. ತಮ್ಮ ಬಸವರಾಜನಿಗೆ ಮೂವತ್ತೊಂಬತ್ತಕ್ಕೇ ಶುರುವಾಯಿತು. ವಿಶಾಲಕ್ಕ ರಕ್ತ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. "ತಮ್ಮನ್ನ ಮಣ್ಣಿಗೆ ಸೇರ್ಸೋ ತನಕ ನನ್ ಕೈ ನಿಂತಿರ್ಲಿ, ಅಷ್ಟು ಸಾಕು," ಅನ್ನುತ್ತಿದ್ದರು. ಬೆಳಗಿನ ಗಾಜಿನ ಚೂರಿನ ಅರ್ಥ ಆ ಮಾತು ಮೊದಲ ಸಲ ಕೇಳಿದಾಗ ನನಗೆ ತಿಳಿಯಿತು. ಅವತ್ತಿನಿಂದ ಅವರು ಎಣಿಸುವಾಗ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಬಸವರಾಜನ ಚರ್ಮದಿಂದ ನರ ಮಾಡಿ ಕಾಯಿಲೆ ಹೇಗೆ ಬೆಳೆಯುತ್ತದೆ ನೋಡೋಣ ಅಂತ ನಮ್ಮ ಗೈಡ್ ಸರ್ ತೀರ್ಮಾನಿಸಿದರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ನಾನೇ ಕಾಗದನಗರಕ್ಕೆ ಹೋದೆ. ಕಾರ್ಖಾನೆ ಆಗಲೇ ನಿಂತಿತ್ತು. ಸಾಲಿಗೆ ಸಾಲು ಕ್ವಾರ್ಟರ್ಸ್ ಖಾಲಿ, ಬಾಗಿಲುಗಳ ಮೇಲೆ ಸುಣ್ಣದಲ್ಲಿ ಬರೆದ ನಂಬರು, ಕಿಟಕಿಯೊಳಗಿಂದ ಗಿಡ ಹೊರಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ ಇಷ್ಟು ಮನೆಗಳಿದ್ದೂ ಒಂದು ಕುಕ್ಕರಿನ ಸದ್ದಿಲ್ಲ. ಆ ಸಾಲಿನ ಕೊನೆಯ ಮನೆಯಲ್ಲಿ ಬಸವರಾಜ ಕುರ್ಚಿಯಲ್ಲಿದ್ದ. ಬೀಳಬಾರದು ಅಂತ ಹಳೆಯ ಸೀರೆಯಿಂದ ಸೊಂಟಕ್ಕೆ ಕಟ್ಟಿದ್ದರು. ಅವನ ಹಿಮ್ಮಡಿ ಉಜ್ಜಿ ಉಜ್ಜಿ ನೆಲದ ಸಿಮೆಂಟು ಎರಡು ಕಡೆ ಕುಳಿಬಿದ್ದಿತ್ತು. "ಚರ್ಮ ತಗೊಂಡು ಮೆದುಳು ಮಾಡ್ತೀರಂತೆ," ಅಂತ ತೊದಲಿದ. "ಈ ಸಲ ಒಳ್ಳೇದ್ ಮಾಡಿ." ವಿಶಾಲಕ್ಕ ಗೊಳ್ಳೆಂದು ನಕ್ಕರು, ನನಗೆ ನಗು ಬರಲಿಲ್ಲ.

ಹೋಲಿಸಿ ನೋಡಲು ಅದೇ ವಯಸ್ಸಿನ ಮೂವರು ಆರೋಗ್ಯವಂತರ ಚರ್ಮ ಬೇಕು. ಆಸ್ಪತ್ರೆಯಲ್ಲಿ ಡಾಕ್ಟರು ಚರ್ಮದ ಚೂರು ತೆಗೆದು ಬರೀ ಸಂಕೇತ ಬರೆದು ಕಳಿಸುತ್ತಾರೆ, ಯಾರದ್ದು ಅಂತ ನಮಗೆ ತಿಳಿಯಬಾರದು. ಬಸವರಾಜ ಪಿ-ಒಂದು. ಉಳಿದವರು ಸಿ-ಒಂದು, ಸಿ-ಎರಡು, ಸಿ-ಮೂರು. ನಾವು ಕೆಲಸ ಶುರು ಮಾಡಿದೆವು.

ಕೋಶ ತನ್ನ ಗುರುತು ಬಿಡುವುದನ್ನು ನೀವು ನೋಡಬೇಕು. ಚರ್ಮದ ಕೋಶಗಳು ಅಗಲವಾಗಿ, ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತವೆ. ಎರಡನೇ ವಾರ ಮೈ ಕುಗ್ಗಿಸಿಕೊಳ್ಳುತ್ತವೆ. ಮೂರನೇ ವಾರ ಒಂದು ಕಡೆಯಿಂದ ಉದ್ದನೆಯ ಎಳೆ ಹೊರಡುತ್ತದೆ, ಪಕ್ಕದವರನ್ನು ಹುಡುಕಿಕೊಂಡು. ಆಮೇಲೆ ಅವು ಒಂದಕ್ಕೊಂದು ಸಂಕೇತ ಕಳಿಸತೊಡಗುತ್ತವೆ, ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಚಿಮ್ಮುತ್ತದೆ. ಯಾವ ತಲೆಯೂ ಇಲ್ಲ, ಕಣ್ಣಿಲ್ಲ, ಬಾಯಿಲ್ಲ, ಮಾತು ಮಾತ್ರ ನಡೆದಿದೆ.

"ಅವಕ್ಕೆ ಗೊತ್ತಾಗತ್ತೇನೇ, ತಾವು ಬೇರೆ ಆಗ್ತಿದೀವಿ ಅಂತ?" ಒಂದು ದಿನ ವಿಶಾಲಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದರು.

"ಅಯ್ಯೋ, ಅವಕ್ಕೇನು ಗೊತ್ತಾಗತ್ತಕ್ಕಾ."

"ಅಪ್ಪಂಗೆ ಗೊತ್ತಾಗ್ತಿತ್ತು," ಅಂದರು.

ಐದನೇ ವಾರ ಪಿ-ಒಂದರ ನರಗಳೊಳಗೆ, ನಿರೀಕ್ಷಿಸಿದ ಹಾಗೇ, ಕೆಟ್ಟ ಪ್ರೋಟೀನಿನ ಗಂಟುಗಳು ಕಂಡವು. ಬಣ್ಣ ಹಾಕಿ ನೋಡಿದರೆ ಕೆಂಪು ಚುಕ್ಕೆಗಳು. ಎಳೆಗಳು ಮಣಿಮಣಿಯಾಗಿ ಕಡಿದು ಕೋಶಗಳು ಸಾಯತೊಡಗಿದವು. ಸಿ-ಒಂದು, ಸಿ-ಎರಡು ನೆಟ್ಟಗಿದ್ದವು. ಸಿ-ಮೂರರಲ್ಲಿ ಕೆಂಪು ಚುಕ್ಕೆ.

ನನ್ನ ತಲೆಗೆ ರಕ್ತ ಏರಿತು. ಎರಡು ವರ್ಷದ ದುಡಿಮೆ, ಒಂದು ಲೇಬಲ್ಲಿನಿಂದ ಹಾಳು! ಎಲ್ಲರೂ ಟೀ ಕುಡಿಯುತ್ತಿದ್ದಲ್ಲಿಗೆ ಹೋಗಿ, "ಅಕ್ಕಾ, ನಿಮ್ ತಮ್ಮನ ತಟ್ಟೆಗೆ ಸಿ-ಮೂರು ಅಂತ ಬರೆದಿಟ್ಟಿದೀರಲ್ಲ, ನಿಮಗೆ ಕಣ್ಣಿದೆಯಾ?" ಅಂತ ಕೂಗಾಡಿದೆ. ಇಪ್ಪತ್ತು ವರ್ಷದಲ್ಲಿ ಒಂದು ಲೇಬಲ್ಲು ತಪ್ಪದ ಹೆಂಗಸು. ಅವರು ಲೋಟ ಕೆಳಗಿಟ್ಟು, "ಇರ್ಬೋದು. ಇನ್ನೊಂದ್ ಸಲ ಮಾಡೋಣ. ಲೇಬಲ್ ನೀನೇ ಬರಿ," ಅಂದರು.

ಲೇಬಲ್ ನಾನೇ ಬರೆದೆ. ಬೀಗ ನಾನೇ ಹಾಕಿದೆ. ಐದು ವಾರ ಕಾದೆವು. ಸಿ-ಮೂರರಲ್ಲಿ ಮತ್ತೆ ಕೆಂಪು ಚುಕ್ಕೆ. ಈಗ ನನಗೆ ಸಿಟ್ಟು ಹೋಗಿ ಅಂಜಿಕೆ ಹಿಡಿಯಿತು. ಒಂದರ ಕೋಶ ಇನ್ನೊಂದರೊಳಗೆ ಸೇರಿಕೊಂಡಿರಬೇಕು ಅಂತ ಸರ್ ಎರಡರ ಡಿಎನ್‌ಎಯನ್ನೂ ಹೊರಗಿನ ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಪಿ-ಒಂದು, ಸಿ-ಮೂರು ಬೆರಕೆಯಾಗಿಲ್ಲ, ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು, ಪಿ-ಒಂದು ಗಂಡಸು, ಸಿ-ಮೂರು ಹೆಂಗಸು ಅಂತ ಇತ್ತು. ಕೆಳಗೆ ಇನ್ನೊಂದು ಸಾಲು: ಇವರು ಒಡಹುಟ್ಟಿದವರಾಗಿರುವ ಸಂಭವ ಅತಿ ಹೆಚ್ಚು.

ಕಾಗದ ಹಿಡಿದು ತಲೆ ಎತ್ತಿದೆ. ಗಾಜಿನ ಗೋಡೆಯಾಚೆ ವಿಶಾಲಕ್ಕ ಕೂತಿದ್ದರು, ಬೆನ್ನು ನೆಟ್ಟಗೆ, ಕೈಯಲ್ಲಿ ಪಿಪೆಟ್ಟು. ಮುಂದೆ ಸಿ-ಮೂರರ ತಟ್ಟೆ. ಸಾಯುತ್ತಿದ್ದ ತಮ್ಮದೇ ನರಗಳಿಗೆ ಹನಿಹನಿಯಾಗಿ ಊಟ ಹಾಕುತ್ತಿದ್ದರು. ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಮಧ್ಯಾಹ್ನ ಅವರನ್ನು ಬಸ್‌ಸ್ಟಾಪಿನ ತನಕ ಬಿಡಲು ಹೋದೆ. ಚರ್ಮ ಕೊಡುವಾಗ ಆಸ್ಪತ್ರೆಯ ಅರ್ಜಿಯಲ್ಲಿ 'ಕುಟುಂಬದಲ್ಲಿ ಯಾರಿಗಾದರೂ ನರದ ಕಾಯಿಲೆ ಇದೆಯೇ' ಅನ್ನುವ ಕಡೆ ಇಲ್ಲ ಅಂತ ತಾವು ಗುರುತು ಹಾಕಿದ್ದಾಗಿ ಅವರೇ ಹೇಳಿದರು.

"ಯಾಕಕ್ಕಾ ಹೀಗ್ ಮಾಡಿದ್ರಿ? ರಕ್ತ ಕೊಟ್ಟಿದ್ರೆ ಗೊತ್ತಾಗ್ತಿತ್ತಲ್ಲ."

"ರಕ್ತ ಕೊಟ್ರೆ ಯಾರೋ ಗುರುತಿಲ್ದ ಡಾಕ್ಟ್ರು ಕವರ್ ಒಡೆದು, ಗಂಟ್ಲು ಸರಿ ಮಾಡ್ಕೊಂಡು, ನನ್ ಮುಖ ನೋಡಿ ಹೇಳ್ತಿದ್ರು. ಅದು ನಂಗೆ ಬೇಡ. ನನ್ ವಿಷಯ ನಾನೇ ಮೊದ್ಲು ನೋಡ್ಬೇಕು ಅನ್ಸ್ತು. ನೋಡೋ ಕಣ್ಣಿದೆಯಲ್ಲ ನಂಗೆ."

"ಮೊದಲನೇ ಸಲವೇ ಗೊತ್ತಾಯ್ತಾ?"

"ನಿಂಗಿಂತ ನಾಲ್ಕು ದಿನ ಮುಂಚೆ."

"ಮತ್ತೆ ನಾನು ಎಲ್ಲರೆದುರು ಬೈತಿದ್ರೆ ಯಾಕೆ ಸುಮ್ನಿದ್ರಿ? ನನ್ ಕೆನ್ನೆಗೆ ಒಂದು ಬಿಡಬಾರದಾಗಿತ್ತಾ?"

ವಿಶಾಲಕ್ಕ ಬಸ್ಸು ಬರುವ ಕಡೆ ನೋಡುತ್ತಿದ್ದರು. "ನೀನು ಬೈದಿದ್ದು ನಿಜ ಆಗ್ಲಿ ಅಂತ ಬೇಡ್ಕೊತಿದ್ದೆ ಮಾರಾಯ್ತಿ. ಲೇಬಲ್ ತಪ್ಪಿರ್ಲಿ ಶಿವನೇ, ನನ್ ಕಣ್ಣು ಸುಳ್ಳಾಗ್ಲಿ ಅಂತ."

ನಾನು ರಸ್ತೆಯಲ್ಲೇ ಅತ್ತೆ. ಅವರು ಅಳಲಿಲ್ಲ, ನನ್ನ ದುಪಟ್ಟಾ ಸರಿಮಾಡಿ, "ಬಸ್ ಬಂತು, ಬರ್ತೀನಿ," ಅಂತ ಹತ್ತಿದರು. ತಟ್ಟೆಯಲ್ಲಿ ಐದು ವಾರ ಅಂದರೆ ಮೈಯಲ್ಲಿ ಎಷ್ಟು ವರ್ಷ ಅನ್ನುವ ಲೆಕ್ಕ ಯಾರಿಗೂ ಗೊತ್ತಿಲ್ಲ. ಅದನ್ನು ಅವರು ನನ್ನನ್ನು ಕೇಳಲೇ ಇಲ್ಲ. ಸರ್ ಸಿ-ಮೂರನ್ನು ಹೋಲಿಕೆಯ ಪಟ್ಟಿಯಿಂದ ತೆಗೆದರು, ಬೇಡವಾದರೆ ಎಲ್ಲ ನಾಶ ಮಾಡುತ್ತೇವೆ ಅಂದರು. ವಿಶಾಲಕ್ಕ ಹೊಸ ಒಪ್ಪಿಗೆ ಪತ್ರ ಬರೆದುಕೊಟ್ಟರು. "ಇರ್ಲಿ ಬಿಡಿ. ಸತ್ತಮೇಲೂ ಇಟ್ಕೊಳ್ಳಿ. ಯಾರಿಗಾದ್ರೂ ಆದೀತು." ಅವರ ಚರ್ಮದ ಕೋಶಗಳು ಪುಟ್ಟ ಟ್ಯೂಬುಗಳಲ್ಲಿ ಲಿಕ್ವಿಡ್ ನೈಟ್ರೋಜನ್ನಿನ ಪೀಪಾಯಿಗೆ ಹೋದವು. ಅಲ್ಲಿ ಅವಕ್ಕೆ ವಯಸ್ಸಾಗುವುದಿಲ್ಲ.

ಇನ್ನೂ ನಾಲ್ಕು ವರ್ಷ ಅವರ ಕೈ ನಿಂತಿತ್ತು. ಬಸವರಾಜ ಅವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ಮಣ್ಣು ಮಾಡಿ ಬಂದು ವಿಶಾಲಕ್ಕ ಎರಡು ತಿಂಗಳು ಕೆಲಸ ಮಾಡಿದರು. ಒಂದು ಬೆಳಿಗ್ಗೆ ಎಣಿಕೆ ಅರವತ್ತು ದಾಟುವಷ್ಟರಲ್ಲಿ ಗಾಜು ಬಿತ್ತಂತೆ. ಚೂರುಗಳನ್ನು ತಾವೇ ಗುಡಿಸಿ, ಮೇಜು ಒರೆಸಿ, ಸರ್ ಕೈಗೆ ರಾಜೀನಾಮೆ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೋದರು. ಅಷ್ಟರಲ್ಲಿ ನಾನು ಡಿಗ್ರಿ ಮುಗಿಸಿ, ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಆಗಾಗ ಕಾಗದನಗರಕ್ಕೆ ಹೋಗಿಬರುತ್ತಿದ್ದೆ. ಪಕ್ಕದ ಸಾಲಿನಲ್ಲಿ ಉಳಿದುಕೊಂಡಿದ್ದ ಸೆಲ್ವಿಯಮ್ಮ ಅನ್ನುವ ತಮಿಳು ಹೆಂಗಸು ಅವರನ್ನು ನೋಡಿಕೊಳ್ಳುತ್ತಿದ್ದರು.

ಕೊನೆಯ ಸಲ ಹೋದಾಗ ವಿಶಾಲಕ್ಕ ತಮ್ಮನ ಕುರ್ಚಿಯಲ್ಲೇ ಕೂತಿದ್ದರು. ಸೀರೆಯ ಕಟ್ಟು, ತಲೆ ಅತ್ತಿತ್ತ ತೂಗುತ್ತಿತ್ತು, ಬೆರಳುಗಳು ಗಾಳಿಯಲ್ಲಿ ಏನನ್ನೋ ಬಿಡಿಸುತ್ತಿದ್ದವು. "ಯಾರೂಂತ ಗೊತ್ತಾಯ್ತಾ ಅಕ್ಕಾ? ಸುಧಾ ಬಂದಿದೆ ನೋಡು," ಅಂತ ಸೆಲ್ವಿಯಮ್ಮ ಕೂಗಿ ಹೇಳಿದರು. ವಿಶಾಲಕ್ಕ ನನ್ನ ಕೈಯಲ್ಲಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಕಿತ್ತು ಗೋಡೆಗೆ ಬಿಸಾಕಿದರು. ಕೆಟ್ಟ ಬೈಗುಳ ಬಂತು ಬಾಯಿಂದ, ಅವರ ಬಾಯಲ್ಲಿ ನಾನು ಎಂದೂ ಕೇಳದ್ದು. ನಾನು ಗೋಡೆಗೊರಗಿ ನಿಂತುಬಿಟ್ಟೆ. ಸೋಗಾನೆಯ ಕಡೆಯಿಂದ ಎದ್ದ ವಿಮಾನವೊಂದು ಖಾಲಿ ಮನೆಗಳ ಮೇಲೆ ಹಾದುಹೋಯಿತು. ಆ ಸದ್ದು ತೀರಿದ ಮೇಲೆ ನೋಡಿದರೆ, ಮುಖ ತೂಗುತ್ತಿದ್ದರೂ ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿತ್ತು. ಮೈಕ್ರೋಸ್ಕೋಪಿಗೆ ಇಡುತ್ತಿದ್ದ ಅದೇ ಕಣ್ಣು.

"ಸುಧಾ," ಅಂದರು. ಒಂದೊಂದು ಮಾತಿಗೂ ಉಸಿರು ಹಿಡಿದು, ನಾಲಗೆಯನ್ನು ಎಳೆದು ತರಬೇಕಾಗಿತ್ತು. "ನೀನು ನನ್ನ... ಆಗ್ಲೇ ನೋಡಿಯಾಗಿದೆ. ತಟ್ಟೇಲಿ. ಐದು ವಾರ. ಸಾಕು. ಇನ್ಮೇಲೆ ಬರಬೇಡ."

ನಿಜ ಹೇಳುತ್ತೇನೆ, ಅಷ್ಟು ದುಃಖದಲ್ಲೂ ನನಗೆ ಬಿಡುಗಡೆ ಸಿಕ್ಕಂತಾಯಿತು. ಅಕ್ಕನೇ ಬೇಡ ಅಂದಿದ್ದಾರೆ ಅಂತ ಹೇಳಿಕೊಂಡು ಹೋಗುವುದನ್ನು ಬಿಟ್ಟೆ. ಆಮೇಲೆ ಅವರು ಇನ್ನೂ ಹದಿನಾಲ್ಕು ತಿಂಗಳು ಬದುಕಿದ್ದರು. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ನಾನು ಭದ್ರಾವತಿ ಬಸ್ಸು ಹತ್ತಲಿಲ್ಲ. ನಾನು ಹೇಡಿ, ಬೇರೆ ಮಾತಿಲ್ಲ. ಸೆಲ್ವಿಯಮ್ಮನ ಫೋನು ಬಂದಾಗ ಮಣ್ಣು ಮಾಡಿ ಮೂರು ದಿನವಾಗಿತ್ತು.

ಫೋನು ಇಟ್ಟವಳು ಸೀದಾ ಹಳೆಯ ಲ್ಯಾಬಿಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಈಗ ಅಲ್ಲಿ ಕೋಶಗಳನ್ನು ನೋಡಿಕೊಳ್ಳುವುದು ಲಲಿತಾ ಅನ್ನುವ ನನ್ನದೇ ವಯಸ್ಸಿನ ಟೆಕ್ನಿಷಿಯನ್. ವಿಶಾಲಕ್ಕನನ್ನು ಅವರು ಕಂಡವರಲ್ಲ. "ಒಳ್ಳೇ ಹೊತ್ತಿಗೆ ಬಂದ್ರಿ ಮೇಡಂ," ಅಂತ ಸಡಗರದಿಂದ ಕರೆದುಕೊಂಡು ಹೋದರು. ಹೊಸ ಔಷಧಿಯೊಂದರ ಪರೀಕ್ಷೆಗೆ ಅಂತ ಪೀಪಾಯಿಯಿಂದ ಒಂದು ಟ್ಯೂಬು ತೆಗೆದು ತಿಂಗಳ ಹಿಂದೆಯೇ ಆರ್‌ಎನ್‌ಎ ತುಣುಕು ಹಾಕಿದ್ದರಂತೆ. ತಟ್ಟೆಯ ಮೇಲೆ ಸಿ-ಮೂರು ಅಂತ ಬರೆದಿತ್ತು. ಚರ್ಮ ಪೂರಾ ನರವಾಗಿತ್ತು. ಪರದೆಯ ಮೇಲೆ ಗೆರೆ ಚಿಮ್ಮಿತು, ನಿಂತಿತು, ಮತ್ತೆ ಚಿಮ್ಮಿತು. ನಲವತ್ಮೂರು ವರ್ಷದ, ಇನ್ನೂ ಕೈ ನಡುಗದ ವಿಶಾಲಕ್ಕನ ನರಗಳು.

"ಎಷ್ಟು ಚೆನ್ನಾಗ್ ಬರತ್ತೆ ನೋಡಿ ಇದು! ಯಾರದ್ದು ಮೇಡಂ?"

ಹೇಳುವಂತಿರಲಿಲ್ಲ. "ಗೊತ್ತಿಲ್ಲ," ಅಂದೆ.

"ಔಷಧಿ ಹಾಕ್ದಿರೋ ತಟ್ಟೆಗಳು ಮುಂದಿನ ವಾರ ಸಾಯೋಕೆ ಶುರು ಆಗ್ತವೆ. ಅದೇನ್ ನೋಡೋಕ್ ಚೆನ್ನಾಗಿರಲ್ಲ ಬಿಡಿ. ಫೋಟೋ ಕಳಿಸ್ತೀನಿ, ನೀವು ಬರೋದು ಬೇಡ."

"ಬರ್ತೀನಿ," ಅಂದೆ. "ಊಟ ನಾನೇ ಹಾಕ್ತೀನಿ. ಮುಗಿಯೋ ತನಕ ದಿನಾ ಬರ್ತೀನಿ."